ನಲವತ್ತೆಂಟು ತಿಂಗಳ ಹೆಸರುಪಟ್ಟಿ

ಕೆಟ್ಟುಹೋದ ಕಂಪ್ಯೂಟರ್ ಡಿಸ್ಕ್ ಕೈಗೆ ಬಂದರೆ ಚೂಡಾಮಣಿ ಮೊದಲು ಅದನ್ನು ಕೇಳಿಸಿಕೊಳ್ಳುತ್ತಾಳೆ. ಕರೆಂಟು ಕೊಟ್ಟು, ಎರಡು ಬೆರಳಿನಲ್ಲಿ ಅಂಚು ಹಿಡಿದು, ಕಿವಿಯ ಹತ್ತಿರ ತಂದು, ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಹೊಯ್ಯೆಂದು ಒಂದೇ ಸಮ ತಿರುಗಿದರೆ ಮುಂದಿನ ಕೆಲಸ. ಟಕ್ ಟಕ್ ಎಂದು ಎಡವಿದರೆ ಆ ಕ್ಷಣವೇ ಕರೆಂಟು ಕಿತ್ತು, "ಇದು ನನ್ನ ಕೈಲಾಗಲ್ಲ. ಧೂಳೇ ಇಲ್ಲದ ರೂಮು ಇಟ್ಕೊಂಡಿರೋರು ಬಿಚ್ಚಬೇಕು. ನೀವೂ ಮತ್ತೆ ಮತ್ತೆ ಹಾಕಿ ನೋಡಬೇಡಿ, ಇರೋದೂ ಹೋಗುತ್ತೆ" ಎಂದು ವಾಪಸು ಕೊಟ್ಟುಬಿಡುತ್ತಾಳೆ.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಕಾರ್ ಷೆಡ್ಡೇ ಅವಳ ಅಂಗಡಿ. ಕಾರು ಮಾರಿದ ಮೇಲೆ ಷೆಡ್ಡು ಖಾಲಿ ಬಿದ್ದಿತ್ತು, ಬಾಡಿಗೆಗೆ ಬಂದಳು. ಷೆಡ್ಡಿಗೂ ನಾನು ಕೂರುವ ವರಾಂಡಕ್ಕೂ ನಡುವೆ ಎದೆಮಟ್ಟದ ಗೋಡೆ ಮಾತ್ರ. ಹುರುಳಿಕಾಯಿ ಹೆಚ್ಚುತ್ತಲೋ ಅಕ್ಕಿ ಆರಿಸುತ್ತಲೋ ಕೂತರೆ ಅಲ್ಲಿ ಆಡುವ ಒಂದು ಮಾತೂ ತಪ್ಪುವುದಿಲ್ಲ. ಕಂಪ್ಯೂಟರಿನ ವಿಚಾರ ನಾನು ಕಲಿತದ್ದಲ್ಲ, ಕೇಳಿದ್ದು. ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಅವಳಿಗೆ ಈಗ ಐವತ್ತರ ಹತ್ತಿರ. ತಂದೆ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಅಜ್ಜನ ಕಾಲದವರೆಗೆ ಅರಮನೆಯ ಪಾಠಶಾಲೆಯಲ್ಲಿ ಕೆಲಸವಿದ್ದ ಮನೆತನವಂತೆ. ಇವಳ ಕಾಲಕ್ಕೆ ಉಳಿದಿದ್ದು ನಾಲ್ಕು ಬೀರು ಪುಸ್ತಕ, ಒಂದು ಬಾಡಿಗೆ ಮನೆ. ಸಂಜೆ ತಂದೆ ಪ್ರೂಫ್ ಹಿಡಿದು ಕೂತರೆ ಎದುರಿಗೆ ಇವಳು ಮೂಲವನ್ನು ಗಟ್ಟಿಯಾಗಿ ಓದಬೇಕಿತ್ತು. ಬಿ.ಕಾಂ. ಎರಡನೇ ವರ್ಷದಲ್ಲಿ ತಂದೆ ತೀರಿಕೊಂಡರು, ಓದು ಅಲ್ಲಿಗೆ ನಿಂತಿತು. ಕೋರ್ಟಿನ ಹತ್ತಿರ ಸುಂದರೇಶ ಎಂಬವರ ಡಿಟಿಪಿ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿದಳು. ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆ ಪತ್ರಿಕೆ, ಥೀಸಿಸ್, ಅರ್ಜಿ, ತಕರಾರು ಅರ್ಜಿ, ಹೀಗೆ ಹತ್ತೊಂಬತ್ತು ವರ್ಷ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಎಲ್ಲರ ಪತ್ರಿಕೇನೂ ನಾನೇ ಟೈಪ್ ಮಾಡಿದೆ, ನನ್ನದನ್ನ ಟೈಪ್ ಮಾಡೋಕೆ ಯಾರೂ ಸಿಗಲಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು.

ಆ ಅಂಗಡಿಯಲ್ಲಿ ಅವಳಿಗೆ ಒಂದು ವಿದ್ಯೆ ತಾನಾಗಿಯೇ ಬಂತು. ಆಗಿನ ಕನ್ನಡ ಟೈಪಿಂಗ್ ಈಗಿನ ಹಾಗಲ್ಲವಂತೆ. ಟೈಪ್ ಮಾಡಿದ ಅಕ್ಷರದ ಅಚ್ಚು, ಅಂದರೆ ಫಾಂಟು, ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಚೂರುಪಾರು ಕಾಣುತ್ತದೆ: ಒಂದು ಡಿ, ತಲೆಯ ಮೇಲೆ ಕಡ್ಡಿ ಇಟ್ಟ ಎ, ಒಂದು ಜಿ, ಮತ್ತೆ ಕಡ್ಡಿಯ ಎ. ಮಿಕ್ಕವರು ಫೈಲು ಕೆಟ್ಟಿತು ಎಂದು ಕೈಬಿಡುವಾಗ ಇವಳು ಅದನ್ನೇ ಪತ್ರಿಕೆ ಓದುವ ಹಾಗೆ ಓದುತ್ತಿದ್ದಳು. ಅವಳ ತಂದೆ ಪ್ರೆಸ್ಸಿನಲ್ಲಿ ಅಕ್ಷರದ ಸೀಸದ ಮೊಳೆಗಳನ್ನು ತಲೆಕೆಳಗಾಗಿ ಓದುತ್ತಿದ್ದರಂತೆ.

ಹೋದ ಫೈಲು ಹುಡುಕುವ ಕೆಲಸವೂ ಅಲ್ಲೇ ಶುರುವಾಯಿತು. ದೊಡ್ಡ ಮಗಳ ಮದುವೆ ಪತ್ರಿಕೆಯೇ ಚಿಕ್ಕವಳಿಗೂ ಬೇಕು ಎಂದು ಐದು ವರ್ಷದ ಮೇಲೆ ಬರುವವರು, ಥೀಸಿಸ್ ಪೆನ್‌ಡ್ರೈವಿನಿಂದ ಮಾಯವಾಯಿತು ಎಂದು ಅಳುತ್ತ ಬರುವವರು ಇದ್ದೇ ಇರುತ್ತಿದ್ದರು. ಸುಂದರೇಶರು "ಆಗಲ್ಲ ಹೋಗ್ರೀ" ಅನ್ನುತ್ತಿದ್ದರು. ಇವಳು "ಇಟ್ಟು ಹೋಗಿ" ಅನ್ನುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೆದಕಿ ಕೆದಕಿ ಕಲಿತಳು. ಅಂಗಡಿ ಮುಚ್ಚಿದ ಮೇಲೆ ಅದೇ ಅನ್ನವಾಯಿತು.

ಅವಳ ಕೆಲಸದಲ್ಲಿ ಮುಖ್ಯವಾದದ್ದು ಯಂತ್ರವಲ್ಲ, ಬಂದವರ ಬಾಯಿ ಬಿಡಿಸುವುದು. ಹೀಗೆ ಹೊರತೆಗೆದ ಫೈಲುಗಳಿಗೆ ಹೆಸರು ಇರುವುದಿಲ್ಲ. ಇಪ್ಪತ್ತು ಸಾವಿರ ಹೊರಬಂದರೂ ಎಲ್ಲವೂ ನಂಬರು. ಅದರಲ್ಲಿ ಬೇಕಾದ್ದು ಯಾವುದು ಎಂದು ಒಳಗಿನ ಒಂದು ಪದ ಹಿಡಿದೇ ಹುಡುಕಬೇಕು. "ಒಳಗೆ ಯಾವ ಪದ ಇದೆ ಹೇಳಿ" ಎಂದರೆ ಬಹಳ ಜನರಿಗೆ ನೆನಪಿಗೆ ಬರುವುದೇ ಇಲ್ಲ. ಒಬ್ಬ ಮೇಷ್ಟ್ರು ಹತ್ತು ನಿಮಿಷ ಯೋಚಿಸಿ "ಉಪಸಂಹಾರ" ಅಂದರು. "ಅದು ಎಲ್ಲರ ಥೀಸಿಸ್ಸಲ್ಲೂ ಇರುತ್ತೆ ಸಾರ್. ನಿಮ್ಮದರಲ್ಲಿ ಮಾತ್ರ ಇರೋದು ಹೇಳಿ" ಅಂದಳು. ಅವರು ಮುಖ ಚಿಕ್ಕದು ಮಾಡಿಕೊಂಡರು.

ಕೆಲಸ ಮುಗಿದ ಮೇಲೆ ಒಂದು ಚೀಟಿ ಕೊಡುತ್ತಾಳೆ. ಮೇಲೆ ಸಿಕ್ಕಿದ್ದು, ಕೆಳಗೆ ಸಿಗದೆ ಹೋದದ್ದು, ಅದರಡಿ ರುಜು. ಚೀಟಿ ಇಲ್ಲದೆ ಒಂದು ಫೋಟೋವನ್ನೂ ಕೊಟ್ಟವಳಲ್ಲ.

ಜವರಪ್ಪ ಬಂದದ್ದು 2023ರ ಫೆಬ್ರವರಿಯಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಐವತ್ತು ದಾಟಿದ ಮನುಷ್ಯ. ಕೆಸರೆಯ ಕಡೆ ರಸ್ತೆ ಗುಡಿಸುವ ಕೆಲಸ. ಕೆಲಸ ಮುಗಿಸಿ ಹಾಗೆಯೇ ಬಂದಿದ್ದ, ಎಡಗಾಲನ್ನು ಸ್ವಲ್ಪ ಎಳೆದು ಇಡುತ್ತಿದ್ದ.

"ಚೂಡಾಮಣಿ ಮೇಡಮ್ನೋರು ಅಂದ್ರೆ...?"

"ನಾನೇ. ಬನ್ನಿ, ಕೂತ್ಕೊಳ್ಳಿ."

"ಕೂರಕ್ ಟೇಮಿಲ್ಲ ಕಣಮ್ಮ. ಇಪ್ಪತ್ತು ದಿನ್ದೊಳ್ಗೆ ಕಾಗ್ದ ಕೊಡ್ಬೇಕು."

"ಇಪ್ಪತ್ತು ದಿನ ಇದೆ ಅಂದ್ಮೇಲೆ ಐದು ನಿಮಿಷ ಕೂರಬಹುದು."

ಕೂತ. ವಿಷಯ ಇಷ್ಟು. ಗುತ್ತಿಗೆಯ ಮೇಲೆ ಗುಡಿಸುವವರನ್ನು ನಗರಪಾಲಿಕೆಯವರು ಕಾಯಂ ಮಾಡುತ್ತಾರೆ. 2022ರ ಕೊನೆಗೆ ಹತ್ತು ವರ್ಷ ಎಡೆಬಿಡದೆ ದುಡಿದಿರಬೇಕು. ಸಂಬಳ ಬ್ಯಾಂಕಿಗೆ ಬೀಳಲು ಶುರುವಾದ ಮೇಲಿನ ಆರು ವರ್ಷಕ್ಕೆ ಪಾಸ್‌ಬುಕ್ಕೇ ಸಾಕ್ಷಿ. ಅದಕ್ಕೂ ಹಿಂದಿನ ನಾಲ್ಕು ವರ್ಷ, ಅಂದರೆ ನಲವತ್ತೆಂಟು ತಿಂಗಳು, ಇವನು ಕೆಲಸದಲ್ಲಿದ್ದ ಎನ್ನಲು ಒಂದು ಚೂರು ಕಾಗದವಿಲ್ಲ. ಗುತ್ತಿಗೆದಾರ ಸತ್ತಿದ್ದಾನೆ, ಅವನ ಮಕ್ಕಳು ಹಳೆಯ ಕಾಗದವನ್ನೆಲ್ಲ ಸುಟ್ಟಿದ್ದಾರೆ. ತಿಂಗಳು ತಿಂಗಳೂ ಪಾಲಿಕೆಯ ಕಚೇರಿಗೆ ಕೊಟ್ಟ ಹೆಸರುಪಟ್ಟಿಯ ಪ್ರತಿ ಅಲ್ಲೂ ಸಿಗುತ್ತಿಲ್ಲ.

"ಅವತ್ತು ಪಟ್ಟಿ ಟೈಪ್ ಮಾಡ್ದೋರ ತಾವ ಇದ್ರೆ ತತ್ತಾ ಅಂದ್ರು. ಸುಂದರೇಶಪ್ಪೋರ ಅಂಗ್ಡಿ ಮುಚ್ಚೋಗದೆ. ಪಕ್ಕದ ಜೆರಾಕ್ಸ್‌ನೋರು ನಿಮ್ಮೆಸ್ರು ಏಳುದ್ರು. ಇದೊಂದು ಆಗ್ಬುಟ್ರೆ ಕಾಯಂ ಆಯ್ತೀನಿ ಕಣಮ್ಮ. ಇಲ್ದಿದ್ರೆ ಇಂಗೇ ಸಾಯಾಗಂಟ."

ಚೂಡಾಮಣಿಯ ಕುರ್ಚಿಯ ಸದ್ದು ನಿಂತಿತು. ಆ ಪಟ್ಟಿ ಅವಳಿಗೆ ಚೆನ್ನಾಗಿ ನೆನಪಿತ್ತು. ನಲವತ್ತೊಂದು ಹೆಸರು. ತಿಂಗಳ ಕೊನೆಗೆ ಗುತ್ತಿಗೆದಾರ ಒಂದು ಚೂರು ಕಾಗದ ಕಳಿಸುತ್ತಿದ್ದ: ಇಂಥವರ ಹೆಸರು ತೆಗೆ, ಇಂಥವರದು ಹಾಕು. ಅವಳು ಹಿಂದಿನ ತಿಂಗಳ ಫೈಲನ್ನೇ ತೆರೆದು, ತಿಂಗಳ ಹೆಸರು ಬದಲಿಸಿ, ಬೇಡದ್ದು ಅಳಿಸಿ, ಬೇಕಾದ್ದು ಸೇರಿಸಿ, ಮೂರು ಪ್ರತಿ ಪ್ರಿಂಟ್ ತೆಗೆದು, ಅದೇ ಹೆಸರಲ್ಲೇ ಉಳಿಸುತ್ತಿದ್ದಳು. ಡಿಟಿಪಿಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಗುಡಿಸುವವರ ಹಳೆಯ ಪಟ್ಟಿ ಮುಂದೆ ಯಾರಿಗಾದರೂ ಬೇಕಾದೀತು ಎಂದು ಯಾರಿಗೂ ತೋಚಿರಲಿಲ್ಲ.

"ಜವರಪ್ಪನವರೇ, ಮೊದಲೇ ಹೇಳ್ಬಿಡ್ತೀನಿ. ತಿಂಗಳಿಗೊಂದು ಫೈಲು ನಾನು ಉಳಿಸಿಲ್ಲ. ಒಂದೇ ಸ್ಲೇಟಲ್ಲಿ ಒರೆಸಿ ಒರೆಸಿ ಬರೆದಿದ್ದೀನಿ."

"ಅಂಗಾರೆ ಓಯ್ತು ಅನ್ನಿ."

"ಓಯ್ತು ಅಂತ ಇನ್ನೂ ಹೇಳಿಲ್ಲ. ಡಿಸ್ಕ್ ಎಲ್ಲಿದೆ ನೋಡೋಣ."

ಸುಂದರೇಶರು ಈಗ ಮಂಡಕಳ್ಳಿಯ ವಿಮಾನ ನಿಲ್ದಾಣದ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ಫೋನಿನಲ್ಲಿ ಮಾತಾಡಿದರೆ ನಡುವೆ ವಿಮಾನದ ಸದ್ದು. ಅಂಗಡಿ ಮುಚ್ಚಿದಾಗ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿದರೂ ಮುಖ್ಯ ಕಂಪ್ಯೂಟರಿನ ಡಿಸ್ಕನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದರು. ಎಲ್ಲಿ ಎಂದರೆ ದೇವರ ಮನೆಯಲ್ಲಿ. ಇಪ್ಪತ್ತೆರಡು ವರ್ಷ ಅನ್ನ ಕೊಟ್ಟ ಅಂಗಡಿಯ ಗುರುತು, ಅಟ್ಟಕ್ಕೆ ಎಸೆಯಲು ಮನಸ್ಸು ಬಂದಿರಲಿಲ್ಲ. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ನೀರು ಪ್ರೋಕ್ಷಿಸಿ ಮಂಗಳಾರತಿ ಆಗುತ್ತಿತ್ತು.

ಚೂಡಾಮಣಿ ಹೋಗಿ ತಂದಳು. ಡಿಸ್ಕಿನ ಅಡಿಯ ಹಸಿರು ಸರ್ಕ್ಯೂಟ್ ಹಲಗೆಯ ಸಂದಿಯಲ್ಲೆಲ್ಲ ಕುಂಕುಮ ಗಟ್ಟಿಯಾಗಿ ಕೂತಿತ್ತು. ಕೂಡಲೇ ಫೋನ್ ಮಾಡಿದಳು.

"ಆರು ವರ್ಷ ಪೂಜೆ ಮಾಡಿದ್ದೀರಾ ಸಾರ್ ಇದಕ್ಕೆ?"

"ಐದು ಕಣಮ್ಮ. ಒಂದು ವರ್ಷ ಸೂತಕ ಇತ್ತು."

"ಆ ಸೂತಕಕ್ಕೆ ಕೈ ಮುಗೀಬೇಕು. ಇನ್ನೊಂದು ಸಲ ನೀರು ಬಿದ್ದಿದ್ರೆ ಇದು ಮುಗೀತಿತ್ತು."

"ಭಕ್ತಿಯಿಂದ ಮಾಡಿದ್ದು ಕಣೇ!"

"ಅದಕ್ಕೇ ಬಯ್ಯೋಕೂ ಆಗ್ತಿಲ್ಲ."

ಸ್ಕ್ರೂ ಬಿಚ್ಚಿ ಹಸಿರು ಹಲಗೆ ಎತ್ತಿದಳು. ಡಿಸ್ಕಿಗೂ ಹಲಗೆಗೂ ಸೇರುವ ಹೊಳೆಯುವ ಚುಕ್ಕೆಗಳು ಕಪ್ಪಗಾಗಿದ್ದವು. ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದನ್ನೂ ಉಜ್ಜಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಒಂದು ದಿನ ಒಣಗಲು ಬಿಟ್ಟಳು. ಮಾರನೆಯ ದಿನ ಕರೆಂಟು ಕೊಟ್ಟು ಕಿವಿಗೆ ಹಿಡಿದಾಗ ನಾನೂ ಹೆಚ್ಚುವುದು ನಿಲ್ಲಿಸಿದ್ದೆ. ಗಂಟಲು ಕಟ್ಟಿದವರ ಹಾಗೆ ಸ್ವಲ್ಪ ಗೊರಗೊರ, ಆಮೇಲೆ ಹೊಯ್ಯೆಂದು ಒಂದೇ ಸಮ.

ಮೂಲ ಡಿಸ್ಕಿನಲ್ಲಿ ಅವಳು ಹುಡುಕುವುದಿಲ್ಲ. ಅದರ ಪಡಿಯಚ್ಚನ್ನು ಇನ್ನೊಂದಕ್ಕೆ ಇಳಿಸಿಕೊಂಡು, ಮೂಲವನ್ನು ಎತ್ತಿಟ್ಟು, ನಕಲಿನಲ್ಲೇ ಕೆಲಸ. ಇಳಿಸುವುದಕ್ಕೆ ಎರಡೂವರೆ ದಿನ ಹಿಡಿಯಿತು. ಓದಲಾಗದ ಜಾಗ ಬಂದರೆ ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಮತ್ತೆ ಅಲ್ಲಿಗೆ ಬರಬೇಕಂತೆ. ಅಲ್ಲೇ ಹಟ ಹಿಡಿದು ಕೂತರೆ ಡಿಸ್ಕ್ ಸುಸ್ತಾಗಿ ಪೂರ್ತಿ ನಿಲ್ಲುತ್ತದಂತೆ.

ಪಟ್ಟಿಯ ಫೈಲು ಸಿಕ್ಕಿತು. ಒಂದೇ ಒಂದು, 2016ರ ಡಿಸೆಂಬರಿನದು. ಅದು ಅವಳಿಗೆ ಗೊತ್ತಿದ್ದದ್ದೇ. ಅವಳು ನೆಚ್ಚಿದ್ದು ಬೇರೆಯದನ್ನು. ಪ್ರಿಂಟ್ ಕೊಟ್ಟಾಗಲೆಲ್ಲ ಕಂಪ್ಯೂಟರು ತನಗಾಗಿ ಒಂದು ನಕಲು ಮಾಡಿಕೊಂಡು, ಪ್ರಿಂಟ್ ಆದ ಮೇಲೆ ಅದನ್ನು ಅಳಿಸುತ್ತದೆ. ಅಳಿಸುವುದು ಎಂದರೆ ಲೆಟರ್ ಬಾಕ್ಸಿನ ಮೇಲಿನ ಹೆಸರು ಕೀಳುವುದು ಅಷ್ಟೇ. ಒಳಗಿನ ಕಾಗದ, ಇನ್ನೊಬ್ಬರು ಬಂದು ಆ ಜಾಗ ತುಂಬುವವರೆಗೆ, ಅಲ್ಲೇ ಬಿದ್ದಿರುತ್ತದೆ. ನನಗೆ ಅರ್ಥವಾಗಲಿ ಎಂದು ಅವಳು ಹೇಳಿದ್ದು ಹೀಗೆ. ಮೂರು ಪ್ರತಿ ಪ್ರಿಂಟ್ ಆದ ಪಟ್ಟಿಯ ಎಂಜಲು ಎಲ್ಲಾದರೂ ಉಳಿದಿರಲೇಬೇಕು.

ಒಂದು ಹಾಳೆಯಲ್ಲಿ ನಲವತ್ತೆಂಟು ಚೌಕ ಗೀಚಿ ಗೋಡೆಗೆ ಅಂಟಿಸಿದಳು. ಜವರಪ್ಪ ಎಂಬ ಹೆಸರು ಆ ಇಂಗ್ಲಿಷ್ ಚೂರುಗಳಲ್ಲಿ ಹೇಗೆ ಕಾಣುತ್ತದೋ ಹಾಗೆ ಟೈಪ್ ಮಾಡಿ ಹುಡುಕಲು ಬಿಟ್ಟಳು. ಒಂದೊಂದೇ ತಿಂಗಳು ಹೊರಬಂತು, ಒಂದೊಂದೇ ಚೌಕಕ್ಕೆ ಗುರುತು ಬಿತ್ತು. ಕೆಲವು ಅರ್ಧ ಹಾಳೆ, ಕೆಲವು ಪೂರ್ತಿ. ಮೂರು ದಿನದಲ್ಲಿ ಮೂವತ್ತಮೂರು ತಿಂಗಳು ಸಿಕ್ಕವು. ಆಮೇಲೆ ಎಷ್ಟು ಹುಡುಕಿದರೂ ಇಲ್ಲ. ಖಾಲಿ ಉಳಿದ ಹದಿನೈದು ಚೌಕಗಳಲ್ಲಿ ನಾಲ್ಕು 2013ರವು, ಹಳೆಯವು, ಹೋಗಿರಬಹುದು. ಮಿಕ್ಕ ಹನ್ನೊಂದು ಒಂದರ ಪಕ್ಕ ಒಂದು, ಸಾಲಾಗಿ ಖಾಲಿ: 2014ರ ಜೂನ್‌ನಿಂದ 2015ರ ಏಪ್ರಿಲ್‌ವರೆಗೆ.

"ಹೀಗೆ ಸಾಲಾಗಿ ಹೋಗಲ್ಲ ಅಮ್ಮ" ಎಂದು ಗೋಡೆಯಾಚೆಯಿಂದ ನನಗೆ ಹೇಳಿದಳು. "ಹಾಳಾಗೋದಾದ್ರೆ ಅಲ್ಲೊಂದು ಇಲ್ಲೊಂದು ಆಗುತ್ತೆ."

ಪಟ್ಟಿಯ ಮೊದಲನೇ ಹೆಸರು ಹಿಡಿದು ಮತ್ತೆ ಹುಡುಕಿದಳು. ಹನ್ನೊಂದೂ ಬಂದವು. ಎಲ್ಲಕ್ಕಿಂತ ಚೊಕ್ಕಟವಾಗಿ, ಮೂಲೆಯೂ ಮುಕ್ಕಾಗದೆ ಬಂದವು. ಜವರಪ್ಪನ ಹೆಸರು ಇರುತ್ತಿದ್ದ ಹದಿನೇಳನೇ ನಂಬರಿನಲ್ಲಿ ಬೇರೆ ಹೆಸರಿತ್ತು.

ಮಾರನೆಯ ದಿನ ಜವರಪ್ಪ ಬಂದಾಗ ಕೇಳಿದಳು.

"ಸಣ್ಣತಾಯಮ್ಮ ಅಂದ್ರೆ ಯಾರು?"

"ನನ್ನೆಂಡ್ರು. ಯಾಕಮ್ಮ?"

ಪ್ರಿಂಟ್ ಮುಂದಿಟ್ಟು ಹೇಳಿದಳು. ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ಆ ವರ್ಷ ಕಸದ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದಿದ್ದ. ಹನ್ನೊಂದು ತಿಂಗಳು ಹೆಂಡತಿ ಅವನ ಪೊರಕೆ ಹಿಡಿದು, ಅವನ ರಸ್ತೆಗಳನ್ನೇ ಗುಡಿಸಿದ್ದಳು. "ನಿನ್ನ ಹೆಸರು ಎಲ್ಲೂ ಹೋಗಲ್ಲ, ಮಲಗಿರು" ಎಂದು ಗುತ್ತಿಗೆದಾರ ಹೇಳಿದ್ದನಂತೆ. ಹೇಳಿದವನು ಚೀಟಿಯಲ್ಲಿ ಮಾತ್ರ ಇವನ ಹೆಸರು ತೆಗೆಸಿ ಅವಳದು ಬರೆಸಿದ್ದ. ಆ ಲೆಕ್ಕದಲ್ಲಿ ಎಡೆಬಿಡದ ದುಡಿಮೆ ಶುರುವಾಗುವುದು 2015ರ ಮೇ ತಿಂಗಳಿಂದ. ಹತ್ತು ವರ್ಷಕ್ಕೆ ಎರಡು ವರ್ಷದ ಮೇಲೆ ಕಮ್ಮಿ.

"ಮೇಡಂ, ಆ ನಾಕು ತಿಂಗ್ಳು ಸಿಗ್ನಿಲ್ಲ ಅಂದ್ರಲ್ಲ, ಅದ್ರ ಜೊತ್ಗೆ ಈ ಅನ್ನೊಂದೂ ಸಿಗ್ನಿಲ್ಲ ಅಂತ ಬರ್ದ್‌ಬುಡಿ."

"ಸಿಕ್ಕಿದೆಯಲ್ಲ."

"ಸಿಕ್ಕಿದ್ದು ನಿ‌ಮ್ಗೂ ನಂಗೂ ಬುಟ್ರೆ ಯಾರ್ಗ್ ಗೊತ್ತು?"

"ಸಿಕ್ಕಿದ್ದನ್ನ ಒಂದ್ಸಲ ಸಿಕ್ಕಿಲ್ಲ ಅಂತ ಬರೆದ್ರೆ, ನಿಜವಾಗಿ ಸಿಗದೆ ಇದ್ದಾಗ ನನ್ನ ಚೀಟಿ ಯಾರು ನಂಬ್ತಾರೆ ಜವರಪ್ಪನವರೇ?"

ಅವನಿಗೆ ಸಿಟ್ಟು ಬಂತು. ಕೂಗಲಿಲ್ಲ, ತಗ್ಗಿದ ದನಿಯಲ್ಲೇ ಹೇಳಿದ. "ನನ್ನೆಸ್ರು ಅಳ್ಸಿದ್ದು ಯಾರು? ನಿಮ್ ಕೈ ತಾನೆ? ಅದೇ ಕೈಲಿ ಒಂದ್ ಸಾಲು ಬರ್ಯಕ್ಕೆ ಏನ್ ರೋಗ?"

ಚೂಡಾಮಣಿ ಹಾಳೆಗಳನ್ನು ಜೋಡಿಸಿಟ್ಟು, "ನಾಳೆ ಬನ್ನಿ" ಅಂದಳು.

ಅವನು ಹೋದ ಮೇಲೆ ವರಾಂಡಕ್ಕೆ ಬಂದು ನನ್ನ ಪಕ್ಕ ಕೂತಳು. ಮೊರದಲ್ಲಿದ್ದ ಅಕ್ಕಿಗೆ ಕೈ ಹಾಕಿ ಸುಮ್ಮನೆ ಆಡಿಸುತ್ತಿದ್ದಳು.

"ಅವರು ಅಂದಿದ್ದು ನಿಜವೇ ಅಮ್ಮ. ಅಳಿಸಿದವಳು ನಾನೇ. ಯಾರ ಹೆಸರು, ಯಾಕೆ ಅಂತಾನೂ ಕೇಳಲಿಲ್ಲ."

ನನಗೆ ಕೇಳಬೇಕೆನಿಸಿದ್ದು ಒಂದೇ. "ತನ್ನ ಹೆಸರಿದೆ ಅಂತ ಆ ಹೆಂಗಸಿಗೆ ಗೊತ್ತೇನೆ?"

ಅವಳು ನನ್ನ ಮುಖ ನೋಡಿದಳು. ಎದ್ದು ಹೋಗಿ ಜವರಪ್ಪನಿಗೆ ಫೋನ್ ಮಾಡಿ, ನಾಳೆ ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದಳು.

ಸಣ್ಣತಾಯಮ್ಮ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಗೇಟು ದಾಟಿ ಬಂದಳು. ಒಂದು ಹಾಸ್ಟೆಲ್ಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಓದು ಬಾರದು.

"ಎಲ್ಲೈತಂತೆ ನನ್ನೆಸ್ರು? ತೋರ್ಸಿ."

ಚೂಡಾಮಣಿ ಕಂಪ್ಯೂಟರಿನಲ್ಲಿ ತೋರಿಸಿದಳು.

"ಇದೇನಮ್ಮ, ಉಳ ಅರ್ದಾಡ್ದಂಗೈತೆ! ಇದಾ ನಾನು?"

"ಇರಿ, ಕನ್ನಡದಲ್ಲಿ ತೋರಿಸ್ತೀನಿ." ಪ್ರಿಂಟು ಕೈಗೆ ಕೊಟ್ಟು, ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ. ಸಣ್ಣತಾಯಮ್ಮ."

"ಒಂದೇನಾ?"

"ಹನ್ನೊಂದು."

ಹನ್ನೊಂದು ಹಾಳೆಯಲ್ಲೂ ಬೆರಳಿಡಿಸಿ ನೋಡಿದಳು. "ಅಂಗಾರೆ ನಾನ್ ಗುಡ್ಸಿದ್ದು ಬರ್ದೈತೆ. ಯಾರೂ ನಂಗ್ ಏಳ್ನೇ ಇಲ್ವಲ್ಲ."

"ಈಗ್ ಏಳುದ್ರಲ್ಲ, ಆಯ್ತು" ಎಂದ ಜವರಪ್ಪ. "ಅದು ಇದ್ರೆ ನನ್ ಕೆಲ್ಸ ಕಾಯಂ ಆಗಕಿಲ್ಲ ಕಣೆ."

"ಯಾಕಾಗಕಿಲ್ಲ?"

"ಆಗ ನಾನಿರ್ನಿಲ್ಲ ಅಂತ ಆಯ್ತದೆ."

"ಇರ್ನಿಲ್ವಲ್ಲ ನೀನು! ಕಾಲ್ಗೆ ಪಟ್ಟಿ ಆಕ್ಸ್ಕಂಡು ಟೀವಿ ಮುಂದ್ ಬಿದ್ದಿದ್ದೆ. ಮುದ್ದೆ ಆರೋಯ್ತು ಅಂತ ನನ್ನೇ ಬಯ್ತಿದ್ದೆ. ದಸರಾದಲ್ಲಿ ಮೂರ್ ದಿನ ಮನೆ ಕಡೆ ತಲೆ ಆಕ್ನಿಲ್ಲ ನಾನು, ಗೊತ್ತಾ? ಜನ ಆನೆ ನೋಡ್ತಿದ್ರು, ನಾನು ಅವ್ರ ಚಪ್ಲಿ ಬಾಚ್ತಿದ್ದೆ."

"ಅದ್ನೆಲ್ಲ ಇಲ್ ಏಳ್ಬೇಕಾ?"

"ಇಲ್ಲೇ ತಾನೆ ಬರ್ದಿರಾದು? ಊರೋರ್ಗೆಲ್ಲ ಏಳ್ತೀಯಲ್ಲ, ಜವರಪ್ಪ ಒಂದ್ ದಿನಾನೂ ಕೆಲ್ಸ ತಪ್ಪಿಸ್ಕಂಡೋನಲ್ಲ ಅಂತ. ತಪ್ಪಿಸ್ಕಳ್ದಂಗೆ ನೋಡ್ಕಂಡೋಳು ಯಾರಂತೆ?"

ಅವನು ಬಾಗಿಲ ಕಡೆ ತಿರುಗಿ ನಿಂತ. "ಕಾಯಂ ಆದ್ರೆ ನಿಂಗೂ ಒಳ್ಳೇದಲ್ವಾ? ನಾಳಿಕ್ ನಾನ್ ಸತ್ರೆ ನಿಂಗೊಂದ್ ದಾರಿ ಆಯ್ತದೆ. ಅದುನ್ ಯೋಚ್ನೆ ಮಾಡು."

ಅವಳು ಚೂಡಾಮಣಿಯನ್ನು ಕೇಳಿದಳು. "ಸಿಗ್ನಿಲ್ಲ ಅಂತ ಕೊಟ್ರೆ ಆಯ್ತದಾ ಮೇಡಂ?"

"ಆಗಬಹುದು. ನಡುವೆ ಒಂದಷ್ಟು ಸಿಕ್ಕಿಲ್ಲ ಅಂದ್ರೆ ಒಪ್ಕೊಂಡ್ರೂ ಒಪ್ಕೋಬಹುದು. ನಾನು ಎಲ್ಲ ಪಟ್ಟೀನೂ ನಿಮ್ಮ ಕೈಗೆ ಕೊಡ್ತೀನಿ. ಯಾವುದು ಕೊಡ್ತೀರಿ, ಯಾವುದು ಬಿಡ್ತೀರಿ ಅದು ನಿಮಗೆ ಸೇರಿದ್ದು. ನನ್ನ ಚೀಟೀಲಿ ಮಾತ್ರ ಸಿಕ್ಕಿದ್ದು ಸಿಕ್ಕಿದ್ದು ಅಂತಲೇ ಇರುತ್ತೆ. ಯಾರಾದ್ರೂ ಕರೆದು ಕೇಳಿದ್ರೂ ಅದನ್ನೇ ಹೇಳ್ತೀನಿ."

ಸಣ್ಣತಾಯಮ್ಮ ಹನ್ನೊಂದು ಹಾಳೆಗಳನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಜವರಪ್ಪನಿಗೆ ಜೀವ ಬಂದ ಹಾಗಾಯಿತು. ಮೂವತ್ತಮೂರು ಹಾಳೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ಹೊರಟ. ಗೇಟಿನವರೆಗೂ ಹೋದರು. ಅಲ್ಲಿ ನಿಂತರು. ಸ್ವಲ್ಪ ಹೊತ್ತು ಏನೋ ಗುಸುಗುಸು. ಆಮೇಲೆ ಅವಳ ದನಿ ಮಾತ್ರ ನನಗೆ ಕೇಳಿಸಿತು.

"ಬ್ಯಾಡ. ಎಲ್ಲಾನೂ ಕೊಡು. ಅದ್ನೇಳ್ನೇ ನಂಬ್ರು ಒಂದ್ ದಿನಾನೂ ಖಾಲಿ ಬಿದ್ದಿರ್ನಿಲ್ಲ, ಗಂಡ ಬಿದ್ದಾಗ ಎಂಡ್ತಿ ಗುಡ್ಸುದ್ಲು ಅನ್ನು. ಒಪ್ಕಂಡ್ರೆ ಒಪ್ಕಳ್ಳಿ. ಬಚ್ಚಿಟ್ಟು, ನಾಳಿಕ್ ಇನ್ಯಾರೋ ಈಯಮ್ಮನ್ನ ಕರ್ದು ಕೇಳಿ, ಸಿಕ್ಕಾಕ್ಕಂಡ್ರೆ ಇರಾ ಪೊರ್ಕೇನೂ ಕಿತ್ಕತ್ತಾರೆ."

ಚೀಲದಿಂದ ಹಾಳೆ ತೆಗೆದು ಅವನ ಕಟ್ಟಿನ ಮೇಲೆ ಇಟ್ಟಳು. ಮತ್ತೆ ಒಳಗೆ ಬಂದು, "ಈ ಅನ್ನೊಂದು ನಂಗೆ ಇನ್ನೊಂದ್ ಸೆಟ್ ಕೊಡಿ" ಎಂದು ಕೇಳಿದಳು. ಚೂಡಾಮಣಿ ತೆಗೆದುಕೊಟ್ಟಳು. ಚೀಟಿಯ ಕೊನೆಗೆ, ಈ ಪಟ್ಟಿಗಳನ್ನು ಆ ಕಾಲದಲ್ಲಿ ಟೈಪ್ ಮಾಡಿದವಳು ನಾನೇ, ಪ್ರತಿ ತಿಂಗಳೂ ಪ್ರತ್ಯೇಕವಾಗಿ ಉಳಿಸದೆ ಇದ್ದದ್ದು ನನ್ನ ಲೋಪ ಎಂದು, ಯಾರೂ ಕೇಳದಿದ್ದರೂ, ಎರಡು ಸಾಲು ಸೇರಿಸಿದ್ದಳು.

ಆ ಎರಡು ಸಾಲಿಗೇ ಕಚೇರಿಯಿಂದ ಅವಳಿಗೂ ಕರೆ ಬಂತು. ಅಳಿಸಿಹೋದದ್ದು ಹೇಗೆ ಸಿಕ್ಕಿತು, ಈಗ ಹೊಸದಾಗಿ ಮಾಡಿದ್ದಲ್ಲ ಎಂದು ಹೇಗೆ ನಂಬುವುದು ಎಂದು ಅಧಿಕಾರಿ ಕೇಳಿದರಂತೆ. ಇವಳು ಮೂಲ ಡಿಸ್ಕನ್ನೇ ಅರಿವೆಯಲ್ಲಿ ಸುತ್ತಿ ಒಯ್ದಿದ್ದಳು. ಪರದೆಯ ಮೇಲಿನ ಇಂಗ್ಲಿಷ್ ಚೂರುಗಳನ್ನು ಮೊದಲಿನಿಂದ ಕೊನೆಯವರೆಗೆ, ನಲವತ್ತೊಂದು ಹೆಸರನ್ನೂ ತಡವರಿಸದೆ ಓದಿದಳಂತೆ. ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರಂತೆ. ಪಟ್ಟಿ ನಿಜ ಎಂದು ಅಧಿಕಾರಿ ಒಪ್ಪಿದರು. "ಹನ್ನೊಂದು ತಿಂಗಳು ಇವರಿಲ್ಲವಲ್ಲ" ಎಂದೂ ಅವರೇ ಅಂದರು.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ಕಾಗದ ಹಿಡಿದು ಬಂದವಳು ಸಣ್ಣತಾಯಮ್ಮ. ಓದಿ ಹೇಳಿ ಎಂದು ಮೇಜಿನ ಮೇಲಿಟ್ಟಳು. ಚೂಡಾಮಣಿ ಓದಿದಳು: ಅರ್ಜಿದಾರರ ಸೇವೆಯನ್ನು 2015ರ ಮೇ ತಿಂಗಳಿಂದ ಪರಿಗಣಿಸಲಾಗಿದೆ, ಹತ್ತು ವರ್ಷ ಪೂರೈಸಿದ ನಂತರ ಎರಡನೇ ಪಟ್ಟಿಯಲ್ಲಿ ಪರಿಶೀಲಿಸಲಾಗುವುದು.

"ನಂದು?"

"ನಿಮ್ಮ ವಿಷಯ ಏನೂ ಬರೆದಿಲ್ಲ."

"ಬರ್ಯಾಕಿಲ್ಲ ಬುಡಿ." ಕಾಗದ ಮಡಿಸಿದಳು. "ಇವ್ನು ಮೂರ್ ದಿನ್ದಿಂದ ನನ್ ಜೊತೆ ಮಾತಿಲ್ಲ. ಉಣ್ಣಕ್ಕೆ ಮಾತ್ರ ಕರ್ದಂಗೇ ಬತ್ತಾನೆ. ನೀವೊಂದ್ ಮಾತು ಸುಳ್ ಬರ್ದಿದ್ರೆ ಈಟೊತ್ಗೆ ಕಾಯಂ ಆಗ್ಬುಡ್ತಿದ್ದ ಅಲ್ವಾ ಮೇಡಂ?"

"ಆಗ್ತಿದ್ರೇನೋ."

"ನಾನೂ ಚೀಲ್ದಿಂದ ಈಚೆ ತೆಗೀದೆ ಇದ್ದಿದ್ರೆ ಆಗ್ತಿತ್ತು."

ನಾನು ಮೂರು ಲೋಟ ಕಾಫಿ ತಂದೆ. ಸಣ್ಣತಾಯಮ್ಮ ಕುಡಿದು, ಲೋಟ ತೊಳೆದಿಟ್ಟು, ಕೆಸರೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ಹೊರಟಳು.

2025ರ ಮೇ ಕಳೆದ ಮೇಲೆ ಜವರಪ್ಪನೇ ಬಂದ. ಎರಡು ವರ್ಷದಲ್ಲಿ ಕಾಲು ಇನ್ನಷ್ಟು ಎಳೆಯುತ್ತಿತ್ತು. ಬಂದವನು ತಾನಾಗಿಯೇ ಕುರ್ಚಿ ಎಳೆದುಕೊಂಡು ಕೂತ.

"ಇನ್ನೊಂದ್ಸಲ ಪ್ರಿಂಟ್ ತಗೀರಮ್ಮ. ಬ್ಯಾಂಕಿಗ್ ಬೀಳಾಕ್ ಮುಂಚಿನ ಇಪ್ಪತ್ ತಿಂಗ್ಳುದು ಸಾಕಂತೆ, ನಾನ್ ಇರಾವು."

ಚೂಡಾಮಣಿ ಹುಡುಕಿ, ಇಪ್ಪತ್ತನ್ನೂ ಎಣಿಸಿ, ಹೊಸ ಚೀಟಿ ಬರೆದುಕೊಟ್ಟಳು. "ಆ ಹನ್ನೊಂದೂ ಬೇಕಾ? ಇರಲಿ ಅಂತ?"

"ಬ್ಯಾಡಿ. ಅವು ಮನೇಲವೆ. ಟ್ರಂಕ್ನಲ್ಲಿ ಮಡ್ಗಿ ಬೀಗ ಆಕವ್ಳೆ, ನಾನ್ ಕೇಳುದ್ರೂ ಮುಟ್ಟಕ್ ಬುಡಾಕಿಲ್ಲ."

ಅರ್ಜಿ ಈಗ ಕಚೇರಿಯಲ್ಲಿದೆ.